ಸಿರಿಮನೆಯ ಬಂಡೆ, ಗೋದಾವರಿಯ ಮೂಳೆ

ಶೃಂಗೇರಿ ಸೀಮೆಯ ಮಕ್ಕಳಿಗೆ ಮೊದಲೇ ಹೇಳಿಬಿಡುತ್ತೇನೆ: ಸಿರಿಮನೆ ಜಲಪಾತದ ಬುಡದಲ್ಲಿ ಎಷ್ಟು ಹುಡುಕಿದರೂ ಡೈನೋಸಾರ್ ಮೂಳೆ ಸಿಗುವುದಿಲ್ಲ. ಕಿಗ್ಗದ ಗುಡ್ಡದಲ್ಲಿ, ನರಸಿಂಹ ಪರ್ವತದ ನೆತ್ತಿಯಲ್ಲಿ, ಕೊಪ್ಪದ ತೋಟಗಳಲ್ಲಿ, ನರಸಿಂಹರಾಜಪುರದ ಭದ್ರಾ ಹಿನ್ನೀರಿನ ದಂಡೆಯಲ್ಲಿ ಎಲ್ಲಿ ಅಗೆದರೂ ಅಷ್ಟೆ. ಕಾಡು ಇಷ್ಟು ದಟ್ಟವಾಗಿದೆ, ಸಿನಿಮಾದಲ್ಲಿ ತೋರಿಸುವ ಡೈನೋಸಾರ್ ಕಾಡು ಹೀಗೇ ಇರುತ್ತದೆ, ಹಾಗಾಗಿ ಇಲ್ಲೂ ಇರಬೇಕು ಅಂತ ನಿಮಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಮೂಳೆ ಉಳಿಯುವುದಕ್ಕೂ ಕಾಡು ದಟ್ಟವಾಗಿರುವುದಕ್ಕೂ ಸಂಬಂಧವಿಲ್ಲ. ಇದ್ದರೂ ಉಲ್ಟಾ ಸಂಬಂಧ.

ಮೊದಲ ಕಾರಣ ಬಂಡೆಯ ವಯಸ್ಸು. ಜಲಪಾತದ ನೀರು ಜಾರಿ ಬೀಳುವ ಆ ಕಲ್ಲು ಮಲೆನಾಡಿನ ತಳಬಂಡೆಯ ಒಂದು ತುಂಡು. ಚಿಕ್ಕಮಗಳೂರು ಜಿಲ್ಲೆಯ ಅಡಿಯಲ್ಲಿ ಹಾಸಿಕೊಂಡಿರುವ ಕಲ್ಲು, ಕುದುರೆಮುಖದ ಕಬ್ಬಿಣದ ಅದಿರು, ಬಾಬಾಬುಡನ್‌ಗಿರಿಯ ಪಟ್ಟೆಪಟ್ಟೆ ಕಲ್ಲು ಎಲ್ಲವೂ 250 ಕೋಟಿ ವರ್ಷಕ್ಕೂ ಹಿಂದಿನವು. ಕೆಲವು 300 ಕೋಟಿ ದಾಟಿದವು. ಭೂವಿಜ್ಞಾನಿಗಳು ಈ ಬಂಡೆಗಳ ಇಡೀ ಗುಂಪನ್ನು ಧಾರವಾಡದ ಹೆಸರಿನಿಂದಲೇ ಕರೆಯುತ್ತಾರೆ. ಡೈನೋಸಾರ್‌ಗಳು ಭೂಮಿಯ ಮೇಲೆ ಕಾಣಿಸಿಕೊಂಡದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಹಕ್ಕಿಗಳನ್ನು ಬಿಟ್ಟು ಉಳಿದವೆಲ್ಲ ಅಳಿದದ್ದು 6.6 ಕೋಟಿ ವರ್ಷಗಳ ಹಿಂದೆ. ಈಗ ಲೆಕ್ಕ ಹಾಕಿ. ಮೊದಲ ಡೈನೋಸಾರ್ ಕಣ್ಣು ಬಿಟ್ಟಾಗಲೇ ನಮ್ಮ ಬಂಡೆಗೆ ಇನ್ನೂರು ಕೋಟಿಗೂ ಮಿಕ್ಕಿ ವಯಸ್ಸಾಗಿತ್ತು. ಗಟ್ಟಿಯಾಗಿ ಕೂತುಬಿಟ್ಟ ಕಲ್ಲಿನೊಳಗೆ ಆಮೇಲೆ ಹುಟ್ಟಿದ ಪ್ರಾಣಿಯ ಮೂಳೆ ಹೋಗಿ ಸೇರುವುದು ಹೇಗೆ?

ಹಾಗಾದರೆ ಇಲ್ಲಿ ಡೈನೋಸಾರ್ ಓಡಾಡಲೇ ಇಲ್ಲವೆ? ಹಾಗೆ ಹೇಳಿದರೆ ತಪ್ಪಾಗುತ್ತದೆ. ಬಂಡೆಯೊಳಗೆ ಇರಲಿಲ್ಲ ಎಂದ ಮಾತ್ರಕ್ಕೆ ಬಂಡೆಯ ಮೇಲೂ ನಡೆದಿರಲಿಲ್ಲ ಎಂದಲ್ಲ. ಈ ನೆಲ ಆಗಲೂ ನೆಲವೇ ಆಗಿತ್ತು, ಸೊಪ್ಪು ಬೆಳೆಯುತ್ತಿತ್ತು, ಸೊಪ್ಪು ತಿನ್ನುವವು ಬರದೇ ಇರಲು ಕಾರಣ ಕಾಣುವುದಿಲ್ಲ. ಬಂದವು, ತಿಂದವು, ಸತ್ತವು ಅಂತಲೇ ಇಟ್ಟುಕೊಳ್ಳೋಣ. ಸತ್ತ ಮೇಲೆ ಏನಾಯಿತು ಎಂಬುದೇ ಇವತ್ತಿನ ವಿಷಯ.

ಕುದುರೆಮುಖದ ಕಾಡಿನಲ್ಲಿ ಒಂದು ಕಾಟಿ ಸತ್ತಿತು ಎನ್ನಿ. ಮಾಂಸವನ್ನು ಹುಲಿಯೋ ಹಂದಿಯೋ ಹುಳುವೋ ಮುಗಿಸುತ್ತವೆ. ಉಳಿದ ಮೂಳೆಯನ್ನು ಮುಳ್ಳುಹಂದಿ ಕರಕರ ಕಡಿಯುತ್ತದೆ. ಅದಕ್ಕೆ ಸುಣ್ಣದ ಅಂಶ ಬೇಕು. ಆಮೇಲೆ ಮಳೆಗಾಲ ಬರುತ್ತದೆ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಬೀಳುವ ಮಳೆ ಅದು. ಮಳೆ ಬೇಕಾದಾಗಲೂ, ಸಾಕಪ್ಪಾ ಸಾಕು ಎನಿಸಿದಾಗಲೂ ಜನ ಕಿಗ್ಗದ ಋಷ್ಯಶೃಂಗೇಶ್ವರನಿಗೆ ಕೈಮುಗಿಯುತ್ತಾರೆ. ಇಷ್ಟು ಮಳೆ ತೊಳೆದ ಮಣ್ಣು ಹುಳಿಯಾಗಿರುತ್ತದೆ. ಹುಳಿ ಮಣ್ಣಿನಲ್ಲಿ ಮೂಳೆಯ ಸುಣ್ಣ ಕರಗುತ್ತದೆ. ಕರಗದೆ ಉಳಿದ ಚೂರನ್ನು ಹಳ್ಳ ಎತ್ತಿಕೊಂಡು ಹೋಗುತ್ತದೆ. ಕೆಲವೇ ವರ್ಷಗಳಲ್ಲಿ ಅಷ್ಟು ದೊಡ್ಡ ಕಾಟಿ ಸತ್ತ ಜಾಗದಲ್ಲಿ ಗುರುತು ಕೂಡ ಉಳಿದಿರುವುದಿಲ್ಲ. ಇನ್ನು ಕೋಟಿಗಟ್ಟಲೆ ವರ್ಷದ ಮಾತೆಲ್ಲಿ!

ಮೂಳೆ ಉಳಿಯಬೇಕಾದರೆ ಅದು ಬೇಗ ಹೂತುಹೋಗಬೇಕು. ಗಾಳಿ ತಾಗದಂತೆ, ಪ್ರಾಣಿ ಕೆದಕದಂತೆ ಮೇಲೆ ಮರಳೋ ಕೆಸರೋ ಕೂರಬೇಕು, ಕೂತದ್ದು ಮತ್ತೆ ಕೊಚ್ಚಿಹೋಗಬಾರದು, ಅದರ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ ಬೀಳುತ್ತಲೇ ಇರಬೇಕು. ಮಲೆನಾಡು ಮಾಡುವ ಕೆಲಸ ಇದಕ್ಕೆ ತದ್ವಿರುದ್ಧ. ಇಲ್ಲಿಂದ ಮಣ್ಣು ಹೊರಡುತ್ತದೆ, ಬಂದು ಕೂರುವುದಿಲ್ಲ. ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಬೇಕಾದರೆ ಹೊಸಪೇಟೆಯ ತುಂಗಭದ್ರಾ ಜಲಾಶಯ ನೋಡಿ. 1953ರಲ್ಲಿ ನೀರು ನಿಲ್ಲಿಸಿದಾಗ ಅದರ ಹೊಟ್ಟೆ ಸುಮಾರು 133 ಟಿಎಂಸಿ. ಈಗ ಹಿಡಿಯುವುದು 106ರ ಆಸುಪಾಸು. ಉಳಿದ ಜಾಗದಲ್ಲಿ ತುಂಗೆ, ಭದ್ರೆ, ವರದೆಯರು ಹೊತ್ತು ತಂದ ಹೂಳು ಕೂತಿದೆ. ರೈತರಿಗೆ ಅದು ದೊಡ್ಡ ತಲೆನೋವು. ಆದರೆ ಮೂಳೆ ಉಳಿಸುವ ದೃಷ್ಟಿಯಿಂದ ನೋಡಿದರೆ ನೆರೆಯಲ್ಲಿ ತೇಲಿಹೋಗಿ ಆ ಹೂಳಿನಡಿ ಸೇರಿದ ಎಮ್ಮೆಯೊಂದಕ್ಕೆ, ಸಿರಿಮನೆ ಕಾಡಿನಲ್ಲೇ ಸತ್ತ ಕಾಟಿಗಿಂತ ಪಳೆಯುಳಿಕೆಯಾಗುವ ಅದೃಷ್ಟ ಎಷ್ಟೋ ಪಟ್ಟು ಹೆಚ್ಚು.

ಡೈನೋಸಾರ್ ಕಾಲದಲ್ಲಿ ದಕ್ಷಿಣ ಭಾರತಕ್ಕೂ ಇಂಥದೊಂದು ಹೂಳಿನ ಜಾಗ ಇತ್ತು. ಅಣೆಕಟ್ಟು ಕಟ್ಟಿ ಮಾಡಿದ್ದಲ್ಲ, ನೆಲವೇ ಸೀಳಿ ಕುಸಿದು ಆದದ್ದು. ಇವತ್ತು ತೆಲಂಗಾಣ ಮತ್ತು ಮಹಾರಾಷ್ಟ್ರದ ಗಡಿಯಲ್ಲಿ ಪ್ರಾಣಹಿತಾ ನದಿ ಬಂದು ಗೋದಾವರಿಯನ್ನು ಸೇರುತ್ತದಲ್ಲ, ಆ ಕಣಿವೆ. ನಮ್ಮ ಧಾರವಾಡದ ಹಳೇ ಬಂಡೆಯ ಹಾಸು ಈ ಕಡೆ, ಬಸ್ತರದ ಹಳೇ ಬಂಡೆಯ ಹಾಸು ಆ ಕಡೆ. ನಡುವೆ ಉದ್ದಕ್ಕೆ ತಗ್ಗಾಗುತ್ತಾ ಹೋದ ಒಂದು ಪಟ್ಟಿ. ಕೋಟ್ಯಂತರ ವರ್ಷ ನದಿಗಳು ಆ ತಗ್ಗಿಗೆ ಮರಳು ಸುರಿದವು. ತಗ್ಗು ಇನ್ನಷ್ಟು ಕುಸಿಯಿತು, ನದಿಗಳು ಇನ್ನಷ್ಟು ಸುರಿದವು. ಕೆಳಗಿನ ಪದರದಿಂದ ಮೇಲಿನ ಪದರಕ್ಕೆ ಬರುವಷ್ಟರಲ್ಲಿ ಪ್ರಾಣಿಗಳು ಬದಲಾಗಿಬಿಟ್ಟಿವೆ. ಉದ್ದ ಕತ್ತಿನ ಡೈನೋಸಾರ್‌ಗಳು ಆರಂಭದಲ್ಲಿ ಹೇಗಿದ್ದವು ಎಂದು ನೋಡಲು ಭಾರತದಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಹೊರದೇಶಗಳಲ್ಲೂ ಇಂಥ ಜಾಗಗಳು ಬೆರಳೆಣಿಕೆಯವು.

ಇಲ್ಲಿ ಮೂಳೆ ಹೆಕ್ಕಲು ಹೋದವರು ಯಾರು ಗೊತ್ತೆ? ಕೋಲ್ಕತ್ತದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನವರು. ಲೆಕ್ಕ ಕಲಿಸುವ ಸಂಸ್ಥೆಗೆ ಮೂಳೆಯ ಉಸಾಬರಿ ಯಾಕೆ ಅಂದರೆ, ಅದನ್ನು 1931ರಲ್ಲಿ ಕಟ್ಟಿದ ಪಿ.ಸಿ. ಮಹಾಲನೋಬಿಸ್ ಅವರಿಗೆ ಎಲ್ಲ ವಿಜ್ಞಾನವೂ ತಮ್ಮ ಅಂಗಳದ್ದೇ. ಅವರು 1950ರ ದಶಕದ ಕೊನೆಗೆ ಲಂಡನ್ನಿನಿಂದ ಪಮೇಲಾ ಲ್ಯಾಂಪ್ಲೂ ರಾಬಿನ್‌ಸನ್ ಎಂಬ ಪಳೆಯುಳಿಕೆ ತಜ್ಞೆಯನ್ನು ಕರೆಸಿದರು. ಆಕೆ ಇಲ್ಲಿನ ಹುಡುಗರಿಗೆ ಬಂಡೆ ಓದುವುದನ್ನು, ಮೂಳೆ ಮುರಿಯದಂತೆ ಎತ್ತುವುದನ್ನು ಕಲಿಸಿದರು. ಮೂಳೆ ಎತ್ತುವುದು ಸಲೀಸಲ್ಲ. ಸುತ್ತಲಿನ ಕಲ್ಲನ್ನು ಉಳಿಯಿಂದ ಬಿಡಿಸಬೇಕು, ಒಡೆಯದಂತೆ ಗೋಣಿಪಟ್ಟೆ ಸುತ್ತಿ ಪ್ಲಾಸ್ಟರ್ ಹಾಕಬೇಕು, ಒಣಗಿದ ಮೇಲೆ ಬುಡ ಬಿಡಿಸಿ ಮಗುಚಿ ಇನ್ನೊಂದು ಮಗ್ಗುಲಿಗೂ ಪ್ಲಾಸ್ಟರ್ ಹಾಕಬೇಕು, ಆಮೇಲೆ ಹೊತ್ತು ಸಾಗಿಸಬೇಕು.

ಆ ಕಣಿವೆಯ ಸಿರೊಂಚಾ ಸೀಮೆಯ ಪೋಚಂಪಲ್ಲಿ ಎಂಬ ಹಳ್ಳಿಯ ಬಳಿ 1958ರಿಂದ ಮೂಳೆಗಳು ಸಿಗತೊಡಗಿದವು. (ನಿಮ್ಮ ಅಮ್ಮನಿಗೆ ಗೊತ್ತಿರುವ ಸೀರೆಯ ಪೋಚಂಪಲ್ಲಿ ಬೇರೆ, ಅದು ಹೈದರಾಬಾದಿನ ಹತ್ತಿರ.) 1960 ಮತ್ತು 61ರಲ್ಲಂತೂ ರಾಶಿಯೇ ಸಿಕ್ಕಿತು. 276 ಚದರ ಮೀಟರ್ ಜಾಗದಲ್ಲಿ ಸುಮಾರು 300 ಮೂಳೆಗಳು. ಕಡಿಮೆಯೆಂದರೂ ಆರು ಪ್ರಾಣಿಗಳವು. ಅವುಗಳ ನಡುನಡುವೆ ಕಲ್ಲಾದ ದೊಡ್ಡ ದೊಡ್ಡ ಮರದ ದಿಮ್ಮಿಗಳು. ಇದನ್ನು ನೋಡಿ ತಜ್ಞರು ಹೇಳುವುದು: ದೊಡ್ಡ ನೆರೆ ಬಂದಿತ್ತು, ಮರ ಮತ್ತು ಪ್ರಾಣಿ ಎರಡನ್ನೂ ಒಟ್ಟಿಗೆ ತಂದು ಒಂದೆಡೆ ಕೆಡವಿತ್ತು. ಜುಲೈ ತಿಂಗಳಲ್ಲಿ ತುಂಗೆಯ ಸೇತುವೆ ಕಂಬಕ್ಕೆ ಮರ ಸಿಕ್ಕಿಕೊಂಡಿರುವುದನ್ನು ನೋಡಿದ ಶೃಂಗೇರಿಯ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೀಗೆ ಸಿಕ್ಕ ಪ್ರಾಣಿಗೆ 1975ರಲ್ಲಿ ಹೆಸರಿಟ್ಟರು: ಬಾರಾಪಾಸಾರಸ್ ಟಾಗೋರಿ. ಅಗೆದಾಗ ಸಿಕ್ಕ ತೊಡೆಯ ಮೂಳೆಯೊಂದೇ 1.7 ಮೀಟರ್ ಉದ್ದ ಇತ್ತು, ನಿಮ್ಮ ಟೀಚರ್‌ಗಿಂತಲೂ ಎತ್ತರ ಇದ್ದೀತು. ಬಂಗಾಳಿ ಮಾತಾಡುವ ತಂಡದಲ್ಲಿ ಅದಕ್ಕೆ ‘ಬಾರಾ ಪಾ’, ಅಂದರೆ ‘ದೊಡ್ಡ ಕಾಲು’ ಎಂಬ ಅಡ್ಡಹೆಸರು ಬಿತ್ತು, ಅದೇ ನಿಂತಿತು. ಟಾಗೋರಿ ಬಂದದ್ದು ರವೀಂದ್ರನಾಥ ಟಾಗೋರರಿಂದ. ಆ ಮೂಳೆಗಳು ಮೇಲೆ ಬಂದ 1961ನೇ ಇಸವಿ ಅವರ ಜನ್ಮಶತಮಾನೋತ್ಸವದ ವರ್ಷ. ರಾಷ್ಟ್ರಗೀತೆ ಬರೆದ ಕವಿಯ ಹೆಸರಿನಲ್ಲಿ ಒಂದು ಡೈನೋಸಾರ್ ಇದೆ ಎಂದು ನಾಳೆ ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ ಗೆಳೆಯರಿಗೆ ಹೇಳಿ ನೋಡಿ, ಅರ್ಧ ಜನ ನಂಬುವುದಿಲ್ಲ.

ಈಗ ಪ್ರಾಣಿಯನ್ನೇ ನೋಡೋಣ. ಮೂಗಿನಿಂದ ಬಾಲದ ತುದಿಯವರೆಗೆ 12ರಿಂದ 14 ಮೀಟರ್. ಬದುಕಿದ್ದು ಸುಮಾರು 19 ಕೋಟಿ ವರ್ಷಗಳ ಹಿಂದೆ, ಜುರಾಸಿಕ್ ಯುಗದ ಮೊದಲ ಭಾಗದಲ್ಲಿ. ತೂಕ ಏಳು ಟನ್ ಎಂಬ ಅಂದಾಜಿದೆ, ಅದಕ್ಕಿಂತ ಜಾಸ್ತಿ ಎನ್ನುವವರೂ ಇದ್ದಾರೆ. ಸಕ್ರೆಬೈಲಿನ ಬಿಡಾರದಲ್ಲಿ ನೀವು ನೋಡುವ ದೊಡ್ಡ ಗಂಡಾನೆ ನಾಲ್ಕೈದು ಟನ್ ತೂಗುತ್ತದೆ. ಕಾಲು ನಾಲ್ಕೂ ನೆಟ್ಟಗೆ, ದಪ್ಪಗೆ. ಹಿಂದೆ ಉದ್ದ ಬಾಲ, ಮುಂದೆ ಉದ್ದ ಕತ್ತು, ತುದಿಯಲ್ಲಿ ಇಷ್ಟೇ ಇಷ್ಟು ತಲೆ. ಮೈಬಣ್ಣ ಕೇಳಬೇಡಿ, ಪುಸ್ತಕದಲ್ಲಿ ಹಸಿರು ಹಚ್ಚಿದವರು, ಬೂದಿ ಹಚ್ಚಿದವರು ಎಲ್ಲರೂ ತಮ್ಮ ಬಣ್ಣದ ಪೆಟ್ಟಿಗೆ ನೋಡಿ ಹಚ್ಚಿದ್ದು.

ಇಷ್ಟು ಉದ್ದದ ಕತ್ತು ಯಾಕೆ ಬೇಕಿತ್ತು? ಎತ್ತರದ ಮರದ ಸೊಪ್ಪು ತಿನ್ನಲು ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಉತ್ತರ. ಉಳಿದರ್ಧ ಅಡಿಕೆ ತೋಟದಲ್ಲಿದೆ. ಕೊನೆ ಕೊಯ್ಯುವಾಗ ಈಗ ಹಲವರು ಉದ್ದನೆಯ ದೋಟಿ ಹಿಡಿಯುತ್ತಾರಲ್ಲ, ಅವರ ಕೆಲಸ ಗಮನಿಸಿ. ಒಂದೇ ಕಡೆ ಕಾಲೂರಿ ನಿಂತು ಆ ಮರದ ಕೊನೆ ಇಳಿಸುತ್ತಾರೆ, ದೋಟಿ ತಿರುಗಿಸಿ ಈ ಮರದ್ದು, ಹಿಂದಿನದ್ದು, ಪಕ್ಕದ್ದು. ಸುತ್ತಲಿನದೆಲ್ಲ ಮುಗಿದ ಮೇಲೆ ನಾಲ್ಕು ಹೆಜ್ಜೆ ಇಡುತ್ತಾರೆ. ಮರ ಮರಕ್ಕೂ ಹತ್ತಿ ಇಳಿಯುವ ಶ್ರಮ ಉಳಿಯುತ್ತದೆ. ಉದ್ದ ಕತ್ತಿನ ಡೈನೋಸಾರ್ ಮಾಡಿದ್ದೂ ಅದನ್ನೇ. ಏಳು ಟನ್ ಮೈಯನ್ನು ಒಂದೊಂದು ಪೊದೆಗೂ ಎಳೆದುಕೊಂಡು ಹೋಗುವುದಕ್ಕೆ ಖರ್ಚಾಗುವ ಶಕ್ತಿ ಸಣ್ಣದಲ್ಲ. ಮೈ ನಿಂತಲ್ಲೇ ನಿಲ್ಲಲಿ, ಹಗುರವಾದ ಕತ್ತು ಮಾತ್ರ ಮೇಲೆ ಕೆಳಗೆ ಎಡ ಬಲ ಆಡಲಿ. ನೆಲದ ಜರೀಗಿಡವೂ ಸಿಕ್ಕಿತು, ಎದೆಮಟ್ಟದ ಪೊದೆಯೂ ಸಿಕ್ಕಿತು, ತಲೆಯೆತ್ತಿದರೆ ಕೊಂಬೆಯೂ ಸಿಕ್ಕಿತು.

ಆದರೆ ಹಗುರ ಎನ್ನುವ ಮಾತು ಪುಕ್ಕಟೆ ಬರುವುದಿಲ್ಲ. ಉದ್ದ ಕತ್ತಿನ ತುದಿಯಲ್ಲಿ ಭಾರದ ತಲೆ ಇಟ್ಟರೆ ಮುಗಿಯಿತು. ಆನೆಯ ಕಡೆ ನೋಡಿ. ದೊಡ್ಡ ತಲೆ, ಇಟ್ಟಿಗೆ ಗಾತ್ರದ ದವಡೆ ಹಲ್ಲು, ಆ ಹಲ್ಲಿನಿಂದ ಬಿದಿರನ್ನೂ ಬೈನೆಯನ್ನೂ ಅರೆಯಬೇಕು. ಅಂಥ ತಲೆಗೆ ಗಿಡ್ಡ ಕತ್ತೇ ಗತಿ. ದೂರದ್ದನ್ನು ಎಳೆದುಕೊಳ್ಳಲು ಸೊಂಡಿಲು ಬಂತು. ಬಾರಾಪಾಸಾರಸ್‌ನ ಉಪಾಯ ಬೇರೆ: ಅಗಿಯುವುದನ್ನೇ ಬಿಟ್ಟುಬಿಡುವುದು. ಅದರ ಹಲ್ಲು ಚಮಚದಾಕಾರದವು, ಅಂಚಿನಲ್ಲಿ ಒರಟು ಗಂಟುಗಳು. ಸೊಪ್ಪನ್ನು ತರಿಯುವುದು, ನುಂಗುವುದು. ಅಗಿಯದ ತಲೆಗೆ ದಪ್ಪ ದವಡೆ ಬೇಡ, ದೊಡ್ಡ ಸ್ನಾಯು ಬೇಡ. ತಲೆ ಸಣ್ಣದಾಯಿತು, ಕತ್ತು ಉದ್ದವಾಗಲು ದಾರಿಯಾಯಿತು. ಊಟ ಮಾಡುವಾಗ ಚೆನ್ನಾಗಿ ಅಗಿದು ತಿನ್ನು ಎಂದು ಅಜ್ಜಿ ಬೈದರೆ ಈ ಉದಾಹರಣೆ ಕೊಡಬೇಡಿ. ಅಗಿಯದೆ ನುಂಗಿದ ಸೊಪ್ಪು ದೊಡ್ಡ ಹೊಟ್ಟೆಯಲ್ಲಿ ದಿನಗಟ್ಟಲೆ ಕೊಳೆತು, ಸೂಕ್ಷ್ಮಜೀವಿಗಳ ಕೈಯಲ್ಲಿ ಅರಗಬೇಕಿತ್ತು. ನಿಮಗೆ ಅಂಥ ಹೊಟ್ಟೆಯಿಲ್ಲ. ಕೋಳಿಯ ಕಲ್ಲುಗುಂಡಿಯಲ್ಲಿ ಆಗುವಂತೆ ಈ ಪ್ರಾಣಿಗಳೂ ಕಲ್ಲು ನುಂಗಿ ಸೊಪ್ಪು ಅರೆಯುತ್ತಿದ್ದವು ಎಂದು ಹಳೆಯ ಪುಸ್ತಕಗಳಲ್ಲಿ ಓದಿರಬಹುದು. ಈಗ ಅದನ್ನು ಹೆಚ್ಚಿನವರು ಒಪ್ಪುವುದಿಲ್ಲ.

ಕತ್ತಿನ ಮೂಳೆಯದು ಇನ್ನೊಂದು ಚಮತ್ಕಾರ. ಜಿರಾಫೆಯ ಕತ್ತು ಎರಡು ಮೀಟರ್ ಇದ್ದರೂ ಒಳಗಿರುವುದು ಏಳೇ ಮೂಳೆ. ನಿಮ್ಮ ಕತ್ತಿನಲ್ಲೂ ಏಳು, ಕಾಟಿಯದೂ ಏಳು, ಮುಸಿಯನದೂ ಏಳು. ಮೊಲೆಯುಣಿಸುವ ಪ್ರಾಣಿಗಳಲ್ಲಿ ಒಂದೆರಡು ಬಗೆ ಬಿಟ್ಟರೆ ಮಿಕ್ಕೆಲ್ಲಕ್ಕೂ ಈ ಏಳರ ಗಡಿ ಉಂಟು. ಡೈನೋಸಾರ್‌ಗಳಿಗೆ ಈ ಗಡಿ ಇರಲಿಲ್ಲ. ಉದ್ದ ಕತ್ತಿನವು ಮೂಳೆಯನ್ನು ಉದ್ದವೂ ಮಾಡಿಕೊಂಡವು, ಸಂಖ್ಯೆಯನ್ನೂ ಹೆಚ್ಚಿಸಿಕೊಂಡವು. ಚೀನಾದ ಮಾಮೆಂಚಿಸಾರಸ್ ಎಂಬುದಕ್ಕೆ ಕತ್ತಿನಲ್ಲಿ 18 ಮೂಳೆ. ಅದರ ಒಂದು ಜಾತಿಯ ಕತ್ತು 15 ಮೀಟರ್ ಇದ್ದಿರಬೇಕು ಎಂದು 2023ರಲ್ಲಿ ಅಂದಾಜು ಮಾಡಿದ್ದಾರೆ. ಅಂದರೆ ನಮ್ಮ ಬಾರಾಪಾಸಾರಸ್‌ನ ಇಡೀ ಮೈಗಿಂತ ಅದರ ಕತ್ತೇ ಉದ್ದ. ಇಂಥ ಮೂಳೆಗಳು ಗಟ್ಟಿ ಗುಂಡಾಗಿದ್ದರೆ ಎತ್ತಲು ಆಗುತ್ತಿರಲಿಲ್ಲ. ಅವುಗಳೊಳಗೆ ಗಾಳಿ ತುಂಬಿದ ಟೊಳ್ಳುಗಳಿದ್ದವು; ಶ್ವಾಸಕೋಶದಿಂದ ಹೊರಟ ಗಾಳಿಚೀಲಗಳು ಮೂಳೆಯ ಒಳಗೂ ಹೊಕ್ಕಿದ್ದವು. ಹಕ್ಕಿಗಳಲ್ಲಿ ಈಗಲೂ ಹೀಗೇ ಇದೆ. ಬಾರಾಪಾಸಾರಸ್‌ನಲ್ಲಿ ಈ ಟೊಳ್ಳಾಗುವ ಕೆಲಸ ಇನ್ನೂ ಶುರುವಿನಲ್ಲಿದೆ. ಬೆನ್ನು ಕತ್ತಿನ ಮೂಳೆಗಳಲ್ಲಿ ತಗ್ಗುಗಳು ಬಿದ್ದಿವೆ, ಆದರೆ ಮುಂದಿನ ಕಾಲದ ದೈತ್ಯರಷ್ಟು ಬರಿದಾಗಿಲ್ಲ. ಈ ಕಾರಣಕ್ಕಾಗಿಯೇ ತಜ್ಞರಿಗೆ ಅದರ ಮೇಲೆ ಅಷ್ಟು ಅಕ್ಕರೆ. ಪೂರ್ತಿ ಆದ ಮೇಲೆ ನೋಡುವುದಕ್ಕಿಂತ ಆಗುತ್ತಿರುವಾಗ ನೋಡಿದರೆ ಹೇಗಾಯಿತು ಎಂಬುದು ತಿಳಿಯುತ್ತದೆ.

ಇಷ್ಟು ಭಾರದ ಪ್ರಾಣಿ ನೀರಿನಲ್ಲೇ ತೇಲಿಕೊಂಡು ಇರುತ್ತಿತ್ತು, ಕತ್ತು ಉಸಿರಾಡಲು ಮೇಲೆ ಚಾಚುತ್ತಿತ್ತು ಎಂಬ ನಂಬಿಕೆಯೂ ಒಂದು ಕಾಲಕ್ಕೆ ಜೋರಾಗಿತ್ತು. ಹಳೆಯ ಚಿತ್ರಗಳಲ್ಲಿ ಕೆರೆಯ ನಡುವೆ ಕತ್ತೊಂದೇ ಕಾಣುತ್ತದೆ. ಆಗುವ ಮಾತಲ್ಲ. ಅಷ್ಟು ಆಳದಲ್ಲಿ ಎದೆಯ ಮೇಲೆ ಬೀಳುವ ನೀರಿನ ಒತ್ತಡಕ್ಕೆ ಶ್ವಾಸಕೋಶ ಉಬ್ಬುವುದೇ ಕಷ್ಟ. ಕಾಲುಗಳನ್ನು ನೋಡಿದರೂ ಸಾಕು, ಅವು ನೆಲದ ಮೇಲೆ ನಡೆಯುವವನ ಕಾಲು.

ನಾಲ್ಕು ಕಾಲಿಗೆ ಬಂದದ್ದೂ ಒಂದು ಕಥೆ. ಈ ವಂಶದ ಹಿರಿಯರು ಎರಡೇ ಕಾಲಿನಲ್ಲಿ ಓಡಾಡುತ್ತಿದ್ದ ಚಿಕ್ಕ ಪ್ರಾಣಿಗಳು. ಅದೇ ಗೋದಾವರಿ ಕಣಿವೆಯ ಕೆಳಗಿನ ಪದರದಲ್ಲಿ ಸಿಕ್ಕ ನಂಬಾಲಿಯಾ, ಜಕ್ಲಪಲ್ಲಿಸಾರಸ್ ಎಂಬ ಎರಡಕ್ಕೆ 2011ರಲ್ಲಿ ಹೆಸರಿಟ್ಟರು. ಅವು 20 ಕೋಟಿ ವರ್ಷಕ್ಕೂ ಹಿಂದಿನವು, ಮೈ ಕಟ್ಟು ತೆಳು. ಸೊಪ್ಪು ತಿನ್ನುವುದು ಹೆಚ್ಚಿದಂತೆ ಅದನ್ನು ಅರಗಿಸುವ ಹೊಟ್ಟೆಯೂ ದೊಡ್ಡದಾಗಬೇಕು. ಹೊಟ್ಟೆ ಇರುವುದು ಹಿಂಗಾಲಿಗಿಂತ ಮುಂದೆ. ಮುಂದೆ ಭಾರವಾದರೆ ಮೈ ಮುಗ್ಗರಿಸುತ್ತದೆ, ಕೈ ಊರಲೇಬೇಕು. ಊರಿದ ಕೈ ನಿಧಾನಕ್ಕೆ ಕಾಲಾಯಿತು. ಅದರ ಮೇಲಿನ ಪದರದಲ್ಲಿ ಸುಮಾರು 10 ಮೀಟರ್ ಉದ್ದದ ಲ್ಯಾಂಪ್ಲೂಸಾರಾ ಇದೆ, ಆಗಲೇ ಭಾರಿ ಮೈ. ಪಮೇಲಾ ರಾಬಿನ್‌ಸನ್ ಅವರ ನಡುಹೆಸರನ್ನೇ ಅದಕ್ಕೆ 2007ರಲ್ಲಿ ಕೊಟ್ಟಿದ್ದಾರೆ. ಅದರ ಜೊತೆಗೇ ಹೆಸರು ಪಡೆದ ಇನ್ನೊಂದು ಪ್ರಧಾನಿಯಾ. ದೆಹಲಿಯ ಪ್ರಧಾನಿಗೂ ಅದಕ್ಕೂ ಸಂಬಂಧವಿಲ್ಲ! ಮಣ್ಣಿನಲ್ಲಿ ಮೂಳೆ ಗುರುತಿಸುವುದರಲ್ಲಿ ಪಳಗಿದ್ದ, ಅದೇ ಸಂಸ್ಥೆಯ ಧುಯಿಯಾ ಪ್ರಧಾನ್ ಎಂಬವರ ನೆನಪಿಗೆ ಇಟ್ಟದ್ದು. ದೊಡ್ಡ ಪದವಿಯವರ ಹೆಸರು ರಸ್ತೆಗೆ, ವೃತ್ತಕ್ಕೆ ಬೀಳುವ ಕಾಲದಲ್ಲಿ ಮೂಳೆ ಹೆಕ್ಕಿದವರ ಹೆಸರು ಡೈನೋಸಾರ್‌ಗೆ ಬಿದ್ದದ್ದು ನನಗಂತೂ ಬಲು ಸಂತೋಷದ ಸಂಗತಿ.

ಇನ್ನೂ ಮೇಲಿನ ಪದರದ ಹೆಸರು ಕೋಟಾ. ಬಾರಾಪಾಸಾರಸ್ ಅಲ್ಲಿಯದು. ಅದರ ನೆಂಟ ಕೋಟಾಸಾರಸ್ ಕೂಡ ಅಲ್ಲಿಯದೇ. ಯಾಮನ್‌ಪಲ್ಲಿ ಎಂಬ ಹಳ್ಳಿಯ ಬಳಿ 1970ರ ದಶಕದ ಕೊನೆಯಲ್ಲಿ ಸಿಕ್ಕಿದ ಅದರ 840 ಮೂಳೆಗಳು ಕಡಿಮೆಯೆಂದರೂ ಹನ್ನೆರಡು ಪ್ರಾಣಿಗಳವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಪಿ. ಯಾದಗಿರಿ 1988ರಲ್ಲಿ ಅದಕ್ಕೆ ಹೆಸರಿಟ್ಟರು. ಬಾರಾಪಾಸಾರಸ್‌ಗಿಂತ ಚಿಕ್ಕದು, ಒಂಬತ್ತು ಮೀಟರ್ ಆಸುಪಾಸು, ಮೂಳೆಯ ಲಕ್ಷಣಗಳಲ್ಲಿ ಇನ್ನೂ ಹಳೆಯ ಕಾಲದ್ದು.

ಒಂದು ವಿಚಿತ್ರ ಗಮನಿಸಿ. ಅಲ್ಲಿ ಮುನ್ನೂರು, ಇಲ್ಲಿ ಎಂಟುನೂರ ನಲವತ್ತು, ಇಷ್ಟೊಂದು ಮೂಳೆ ಸಿಕ್ಕಿದೆ. ಬಾರಾಪಾಸಾರಸ್‌ನ ತಲೆಬುರುಡೆ ಮಾತ್ರ ಒಂದೂ ಇಲ್ಲ. ಬಿಡಿ ಹಲ್ಲು ಕೆಲವು ಸಿಕ್ಕಿವೆ, ಅಷ್ಟೆ. ಕಾರಣ ಈಗಾಗಲೇ ಹೇಳಿದ್ದರಲ್ಲೇ ಇದೆ. ತಲೆ ಸಣ್ಣದು, ಮೂಳೆ ತೆಳು, ಕತ್ತಿಗೆ ಅಂಟಿಕೊಂಡಿರುವುದೂ ಸಡಿಲ. ಸತ್ತ ಪ್ರಾಣಿ ನೆರೆಯಲ್ಲಿ ಉರುಳಿ ಬರುವಾಗ ಮೊದಲು ಕಳಚಿಕೊಳ್ಳುವುದು ಅದೇ. ತೊಡೆಯ ಮೂಳೆ ಅಲ್ಲೇ ದಬ್ಬನೆ ಕೂರುತ್ತದೆ, ತಲೆ ತೇಲಿ ಚೂರಾಗಿ ಮುಂದೆ ಹೋಗುತ್ತದೆ. ಕತ್ತು ಉದ್ದವಾಗಲು ನೆರವಾದ ಗುಣವೇ ತಲೆ ಕಳೆದುಹೋಗಲೂ ಕಾರಣವಾಯಿತು. ಹಾಗಾಗಿ ಪುಸ್ತಕಗಳಲ್ಲಿ ನೀವು ನೋಡುವ ಬಾರಾಪಾಸಾರಸ್ ಮುಖ ನೆಂಟರಿಷ್ಟರ ಮುಖ ನೋಡಿ ಊಹಿಸಿದ್ದು.

ಅದು ಓಡಾಡಿದ ಕಾಡು ಹೇಗಿತ್ತು? ಹೂವಿಲ್ಲ. ಹುಲ್ಲಿಲ್ಲ. ಹುಲ್ಲಿಲ್ಲ ಅಂದ ಮೇಲೆ ಭತ್ತ, ಬಿದಿರು ಎರಡೂ ಇಲ್ಲ, ಅವೂ ಹುಲ್ಲೇ. ಅಡಿಕೆ, ಕಾಫಿ, ಮಾವು, ಹಲಸು ಎಲ್ಲವೂ ಬಹಳ ಮುಂದಿನ ಮಾತು. ಸೂಜಿ ಎಲೆಯ ಮರಗಳು, ಸೈಕಸ್ ಜಾತಿಯ ಗಿಡಗಳು, ಜರೀಗಿಡಗಳು. ಮಳೆಗಾಲದಲ್ಲಿ ಸಿರಿಮನೆಯ ಬಂಡೆಸಂದಿಯಲ್ಲಿ, ತೋಟದ ಅಗಳಿನ ಬದಿಯಲ್ಲಿ ಹಬ್ಬುವ ಜರೀಗಿಡದ ವಂಶ ಆ ಕಾಲದ್ದಕ್ಕಿಂತಲೂ ಹಳೆಯದು. ಬಾರಾಪಾಸಾರಸ್ ಈಗ ಇಲ್ಲಿಗೆ ಬಂದರೆ ಮೊದಲು ಬಾಯಿ ಹಾಕುವುದು ಅದಕ್ಕೇ ಇರಬೇಕು, ತೋಟದವರಿಗೆ ಬೆಳೆಯ ಚಿಂತೆ ಶುರುವಾಗುವುದು ಆಮೇಲೆ.

ಪಶ್ಚಿಮಕ್ಕೆ ಹೋದರೆ ಘಟ್ಟ ಇಳಿದು ಉಡುಪಿ, ಆಚೆ ಕಡಲು ಎಂದು ನಮಗೆ ಗೊತ್ತು. ಆಗ ಕಡಲೇ ಇರಲಿಲ್ಲ. ಭಾರತ ಭೂಮಧ್ಯರೇಖೆಯ ದಕ್ಷಿಣಕ್ಕೆ ಆಫ್ರಿಕ, ಅಂಟಾರ್ಕ್‌ಟಿಕ, ಆಸ್ಟ್ರೇಲಿಯಗಳ ಜೊತೆ ಒಂದೇ ನೆಲವಾಗಿ ಸೇರಿಕೊಂಡಿತ್ತು. ನಮ್ಮ ಪಕ್ಕದಲ್ಲಿ ಇದ್ದದ್ದು ಮಡಗಾಸ್ಕರ್. ಅದರ ಪೂರ್ವ ಕರಾವಳಿಯ ಹಳೆಯ ಬಂಡೆಗಳು ನಮ್ಮ ಧಾರವಾಡ ಬಂಡೆಗಳ ಒಡಹುಟ್ಟಿದವು ಎಂದು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಎರಡೂ ಬೇರೆಯಾದವು. ಬೇರೆಯಾಗುವ ಹೊತ್ತಿನಲ್ಲಿ ಉಕ್ಕಿದ ಲಾವಾ ಗಟ್ಟಿಯಾಗಿ ನಿಂತ ಜಾಗ ಮಲ್ಪೆಯ ಆಚೆಗಿನ ಸೇಂಟ್ ಮೇರಿಸ್ ದ್ವೀಪ. ಶಾಲಾ ಪ್ರವಾಸಕ್ಕೆ ಹೋದವರು ಅಲ್ಲಿನ ಆರು ಮೂಲೆ, ಐದು ಮೂಲೆಯ ಕಲ್ಲುಕಂಬಗಳ ಮೇಲೆ ಕೂತು ಫೋಟೋ ತೆಗೆಸಿಕೊಂಡಿರುತ್ತೀರಿ. ಸಿರಿಮನೆಯಿಂದ ನೇರ ಗೆರೆ ಎಳೆದರೆ ಐವತ್ತು ಕಿಲೋಮೀಟರ್ ಆಸುಪಾಸು. ಡೈನೋಸಾರ್‌ಗಳು ಇನ್ನೂ ಬದುಕಿದ್ದಾಗ ಹುಟ್ಟಿದ ಕಲ್ಲನ್ನು ಮುಟ್ಟಬೇಕೆಂದರೆ ನಮಗೆ ತೀರ ಹತ್ತಿರದ್ದು ಅದೇ. ಮೂಳೆ ಮಾತ್ರ ಅಲ್ಲೂ ಕೇಳಬೇಡಿ, ಕುದಿಯುವ ಲಾವಾದಲ್ಲಿ ಏನು ಉಳಿದೀತು? ಬೆಳಗಾವಿ, ವಿಜಯಪುರ, ಬೀದರಿನ ಕಡೆಯ ಕಪ್ಪು ಕಲ್ಲಿನದೂ ಬಹುಪಾಲು ಇದೇ ಪಾಡು. ಅದು 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳ ಕೊನೆಗಾಲದಲ್ಲಿ ಹರಿದ ಲಾವಾ.

ಸರಿಯಾದ ಕಾಲದ ಮರಳುಕಲ್ಲು ಇದ್ದು, ಮೂಳೆಯೂ ಸಿಕ್ಕಿ, ಕೊನೆಗೆ ಮಳೆಗೆ ಸೋತ ಪ್ರಸಂಗವೂ ಉಂಟು. ತಮಿಳುನಾಡಿನ ತಿರುಚಿರಾಪಳ್ಳಿ ಕಡೆಯ ಕಲ್ಲಮೇಡು ಎಂಬಲ್ಲಿ ಸಿಕ್ಕ ಭಾರಿ ಮೂಳೆಗಳಿಗೆ 1980ರ ದಶಕದಲ್ಲಿ ಬೃಹತ್ಕಾಯೋಸಾರಸ್ ಎಂದು ಹೆಸರಿಟ್ಟರು. ಹೆಸರಿಗೆ ತಕ್ಕ ಗಾತ್ರ. ಭೂಮಿಯ ಮೇಲೆ ನಡೆದ ಅತಿ ದೊಡ್ಡ ಪ್ರಾಣಿಗಳಲ್ಲಿ ಒಂದು ಎಂದು ವಾದಿಸುವವರಿದ್ದಾರೆ. ಆದರೆ ಆ ಮೂಳೆಗಳು ಪುಡಿಪುಡಿಯಾಗುವ ಸ್ಥಿತಿಯಲ್ಲಿದ್ದವು, ಮಳೆಯ ತೇವಕ್ಕೆ ಸಿಕ್ಕಿ ಚೂರಾಗಿ ಇಲ್ಲವಾದವು. ಈಗ ಉಳಿದಿರುವುದು ಅಳತೆ ಮತ್ತು ಕೆಲವು ಚಿತ್ರಗಳು. ಅದರ ಗಾತ್ರದ ಬಗ್ಗೆ ಜಗಳ ಇವತ್ತಿಗೂ ನಡೆದಿದೆ, ತೀರ್ಪು ಕೊಡಲು ಸಾಕ್ಷಿಯೇ ಇಲ್ಲ. ಕೋಟ್ಯಂತರ ವರ್ಷ ನೆಲದೊಳಗೆ ಕಾದು ಕೂತದ್ದು ಹೊರಗೆ ಬಂದ ಮೇಲೆ ಕೆಲವೇ ಮಳೆಗಾಲ ತಾಳಲಿಲ್ಲ. ಗೋಣಿಪಟ್ಟೆ, ಪ್ಲಾಸ್ಟರ್ ಎಂದು ಆಗಲೇ ಅಷ್ಟು ಹೇಳಿದ್ದು ಇದಕ್ಕೇ.

ಕೋಟಾಸಾರಸ್‌ನ ಜೋಡಿಸಿದ ಅಸ್ಥಿಪಂಜರ ಹೈದರಾಬಾದಿನ ಬಿರ್ಲಾ ವಿಜ್ಞಾನ ಸಂಗ್ರಹಾಲಯದಲ್ಲಿದೆ, ನಮಗೆ ಹತ್ತಿರದ್ದು ಅದೇ. ಬಾರಾಪಾಸಾರಸ್ ಕೋಲ್ಕತ್ತದ ಬಾರಾನಗರದಲ್ಲಿ, ಆ ಲೆಕ್ಕದ ಸಂಸ್ಥೆಯ ಸಂಗ್ರಹಾಲಯದಲ್ಲಿ 1977ರಿಂದ ನಿಂತಿದೆ. ಸಂಸ್ಥೆಗೆ ಬೆಂಗಳೂರಿನಲ್ಲೂ ಒಂದು ಕೇಂದ್ರ ಉಂಟು, ಆದರೆ ಅಲ್ಲಿ ಹೋಗಿ ಡೈನೋಸಾರ್ ಎಲ್ಲಿ ಎಂದರೆ ಗಣಿತದ ಮೇಷ್ಟ್ರುಗಳು ನಕ್ಕಾರು. ಬೆಂಗಳೂರಿನ ವಿಶ್ವೇಶ್ವರಯ್ಯ ಸಂಗ್ರಹಾಲಯದಲ್ಲಿ ಕತ್ತು ಅಲ್ಲಾಡಿಸಿ ಗರ್ಜಿಸುವ ಡೈನೋಸಾರ್ ಯಂತ್ರದಿಂದ ಆಡುವ ಮಾದರಿ, ಮೂಳೆಯಲ್ಲ. ಹೈದರಾಬಾದಿಗೆ ಹೋದಾಗ ಕೋಟಾಸಾರಸ್‌ನ ಕಾಲಿನ ಪಕ್ಕ ನಿಂತು ಮೊದಲು ಮೊಣಕಾಲು ನೋಡಿ, ಆಮೇಲೆ ಕತ್ತಿನ ಮೂಳೆಗಳನ್ನು ತಲೆಯ ಕಡೆಗೆ ಒಂದೊಂದಾಗಿ ಎಣಿಸುತ್ತಾ ಹೋಗಿ. ಏಳು ದಾಟುತ್ತದೆ.

ಹೊಸ ಮೂಳೆಗಳು ಸಿಗುವುದೂ ನಿಂತಿಲ್ಲ. ರಾಜಸ್ಥಾನದ ಜೈಸಲ್ಮೇರ್ ಹತ್ತಿರ ಸಿಕ್ಕ 16.7 ಕೋಟಿ ವರ್ಷ ಹಿಂದಿನ ಉದ್ದ ಕತ್ತಿನ ವಂಶದ ಪ್ರಾಣಿಗೆ 2023ರಲ್ಲಿ ಥಾರೋಸಾರಸ್ ಎಂದು ಹೆಸರಾಯಿತು. ಸಿಕ್ಕ ಜಾಗ ಗಮನಿಸಿ, ಮರುಭೂಮಿ. ಮರವಿಲ್ಲ, ಮಳೆಯಿಲ್ಲ, ಬಂಡೆಯ ಪದರ ಬತ್ತಲೆಯಾಗಿ ಕಾಣುತ್ತದೆ.

ನಮ್ಮ ಜಿಲ್ಲೆಗಳಲ್ಲೇ ಹಳೇ ಜೀವದ ಗುರುತು ನೋಡಬೇಕು ಎನ್ನುವವರಿಗೆ ಶಿವಮೊಗ್ಗದಿಂದಾಚೆ ಕುಂಸಿ ಇದೆ. ಅಲ್ಲಿನ ಸುಣ್ಣದ ಕಲ್ಲಿನಲ್ಲಿ ಅಲೆಅಲೆಯಾದ ತೆಳು ಪದರಗಳು ಕಾಣುತ್ತವೆ, ಸ್ಟ್ರೊಮಾಟೊಲೈಟ್ ಎಂದು ಹೆಸರು. ಆಳವಿಲ್ಲದ ನೀರಿನಲ್ಲಿ ಲೋಳೆಯಾಗಿ ಹಬ್ಬಿದ್ದ ಸೂಕ್ಷ್ಮಜೀವಿಗಳು ಒಂದರ ಮೇಲೊಂದು ಕಟ್ಟಿದ ಪದರ ಅದು. ಕತ್ತಿಲ್ಲ, ಕಾಲಿಲ್ಲ, ಕಣ್ಣಿಗೆ ಬೀಳುವಷ್ಟು ಮೈಯೂ ಇಲ್ಲ. ವಯಸ್ಸು ಸುಮಾರು 260 ಕೋಟಿ ವರ್ಷ.